ಮೇ ಒಂಬತ್ತರ ರೊಟ್ಟಿ

ನಮ್ಮ ಓಣಿಯಲ್ಲಿ ಹೊರಗಿನವನೊಬ್ಬ ಒಂದು ರಾತ್ರಿ ಮಲಗಬೇಕಾದರೆ ಮೂರು ಸಹಿ ಬೇಕು. ಹಾಸಿಗೆ, ದಿಂಬು ಎಲ್ಲ ಆಮೇಲಿನ ಮಾತು. ಮನೆಯೊಡತಿಯದೊಂದು, ಮೊಹಲ್ಲಾ ಸಮಿತಿಯದೊಂದು, ಠಾಣೆಯದೊಂದು. ಮೂರೂ ಸೇರಿ ಅಂಗೈಯಗಲದ ಒಂದು ಚೀಟಿಯಾಗುತ್ತದೆ. ಆ ಚೀಟಿ ಕಳೆದುಕೊಂಡವನು ಗಡಿಯಲ್ಲಿ ಅಳುತ್ತ ನಿಲ್ಲಬೇಕು. ತಾಷ್ಕೆಂಟಿನಲ್ಲೇ ಹುಟ್ಟಿ ಎಪ್ಪತ್ತೊಂದು ವರ್ಷ ಕಳೆದ ನನಗೇ ಇದರ ತಲೆಬುಡ ಅರ್ಥವಾಗಿಲ್ಲ. ಇನ್ನು ಬೆನ್ನಿಗೆ ಮೂಟೆ ಕಟ್ಟಿಕೊಂಡು, ಅಗ್ಗದ ಕೋಣೆ ಹುಡುಕಿಕೊಂಡು ಬರುವ ಪರದೇಶದ ಹುಡುಗರಿಗೆ ಏನೆಂದು ಅರ್ಥ ಮಾಡಿಸಲಿ? ಆದರೂ ಆ ಕೆಲಸ ನನ್ನ ಕೊರಳಿಗೇ ಬಿದ್ದಿತ್ತು. ಕಟ್ಟಿದವಳು ಪಕ್ಕದ ಮನೆಯ ಸನೋಬರ್ ಓಪಾ.

ಓಪಾ ಅಂದರೆ ಅಕ್ಕ. ನನಗಿಂತ ಒಂಬತ್ತು ವರ್ಷ ಚಿಕ್ಕವಳಾದರೂ ಇಡೀ ಓಣಿಗೆ ಆಕೆ ಓಪಾ, ನನಗೂ ಓಪಾ. ಇಪ್ಪತ್ತೆಂಟು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಸದ್ದಿನ ನಡುವೆ ನಿಂತವಳು. ಕಿವಿ ಅರ್ಧ ಹೋಗಿದೆ, ಹಾಗಾಗಿ ಆಕೆ ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುತ್ತದೆ ಎಂದು ನಾವೆಲ್ಲ ನಗುತ್ತಿದ್ದೆವು. ಗಂಡ ಟ್ರಾಮ್ ಓಡಿಸುತ್ತಿದ್ದ, ಎದೆನೋವಿನಿಂದ ತೀರಿಕೊಂಡ. ಗಿರಣಿ ಮುಚ್ಚಿತು. ಉಳಿದವನು ಒಬ್ಬನೇ ಮಗ, ಇಲ್ಯೋಸ್. ಬಜಾರಿನಲ್ಲಿ ಬೀಗ ರಿಪೇರಿ ಮಾಡುವ ಗೂಡಂಗಡಿ ಇಟ್ಟಿದ್ದ.

ಆರು ವರ್ಷದ ಹಿಂದೆ ರಸ್ತೆ ಅಗಲ ಮಾಡಲು ಆ ಗೂಡಂಗಡಿಗಳನ್ನು ಕೆಡವಿದರು. ಯಂತ್ರದ ಮುಂದೆ ಅಡ್ಡ ನಿಂತವರ ಹೆಸರು ಬರೆದುಕೊಂಡರು. ಇಲ್ಯೋಸನ ಹೆಸರೂ ಅದರಲ್ಲಿತ್ತು. ಮೇ ಮೂರನೇ ತಾರೀಕು ಬೆಳಿಗ್ಗೆ ಮನೆಯಿಂದ ಹೋದವನು ಮತ್ತೆ ಕಾಣಲಿಲ್ಲ. ಠಾಣೆಯವರು ಹದಿನೈದು ದಿನ ಬಾಗಿಲು ತಟ್ಟಿದರು, ಕೊನೆಗೆ ಬರವಣಿಗೆಯಲ್ಲಿ ಹೇಳಿಕೆ ಕೊಡು ಎಂದರು. ಓಪಾಳ ಕೈಬರಹ ಕೋಳಿ ಕೆದರಿದ ಹಾಗೆ. ಮೇಷ್ಟ್ರು ಅಂತ ನನ್ನನ್ನು ಕರೆದಳು. ನಾನೇ ದುಂಡಗೆ ಬರೆದೆ: ‘ಮೇ ಮೂರರ ನಂತರ ನನ್ನ ಮಗ ಈ ಮನೆಯ ಹೊಸ್ತಿಲು ತುಳಿದಿಲ್ಲ. ಈ ಮಾತು ಸುಳ್ಳಾದರೆ ಶಿಕ್ಷೆಗೆ ಬದ್ಧಳಾಗಿದ್ದೇನೆ.’ ಆಕೆ ಸಹಿ ಹಾಕಿದಳು. ಹೇಳಿಕೆ ಠಾಣೆಯ ಕಡತ ಸೇರಿತು.

ಮಾರನೆಯ ವರ್ಷ ಆಕೆ ಅಂಗಳದ ಸುತ್ತಲಿನ ನಾಲ್ಕು ಕೋಣೆಗಳಿಗೆ ಸುಣ್ಣ ಹೊಡೆಸಿ, ಪರದೇಶದವರನ್ನು ಇಟ್ಟುಕೊಳ್ಳಲು ಪರವಾನಗಿ ತೆಗೆದುಕೊಂಡಳು. ಕಣ್ಣಿಗೆ ಬಿದ್ದ ಪ್ರತಿ ಮನುಷ್ಯನನ್ನೂ ಅನುಮಾನಿಸುವ ಊರಿನಲ್ಲಿ, ಮಗನ ಹೆಸರು ಪಟ್ಟಿಯಲ್ಲಿರುವ ಹೆಂಗಸು ಪೊಲೀಸರನ್ನು ವಾರಕ್ಕೆರಡು ಸಲ ತಾನಾಗಿಯೇ ಮನೆಗೆ ಕರೆದುಕೊಳ್ಳುವ ಕಸುಬು ಹಿಡಿದಳು. ಬುದ್ಧಿ ಇದೆಯೇ ಎಂದು ನಾನು ಕೇಳಿದೆ.

“ಹೊಟ್ಟೆ ಇದೆ, ದೊಮ್ಲಾ,” ಎಂದಳು. ದೊಮ್ಲಾ ಅಂದರೆ ಮೇಷ್ಟ್ರು. “ಮಗ್ಗದ ಮುಂದೆ ನಿಲ್ಲೋ ಕಾಲು ಹೋಯ್ತು. ಚಾದರ ಒಗೆಯೋ ಕೈ ಇನ್ನೂ ಇದೆ. ನೀವು ಅವರ ಹತ್ರ ಮಾತಾಡಿ, ನಾನು ಅವರ ಚಾದರ ಒಗೀತೀನಿ.”

ಹೀಗೆ ಐದು ವರ್ಷದಿಂದ ನಾನು ಆ ಮನೆಯ ಸಂಬಳವಿಲ್ಲದ ದುಭಾಷಿ. ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಭೂಗೋಳ, ಇಂಗ್ಲಿಷ್ ಎರಡೂ ಕಲಿಸಿದವನಿಗೆ ಸಿಕ್ಕ ಪಿಂಚಣಿ ಎಂದರೆ ಇದು: ಬಿಸಿನೀರು ಯಾಕೆ ಬರುತ್ತಿಲ್ಲ ಎಂದು ಬೆಳಿಗ್ಗೆ ಏಳಕ್ಕೆ ಬಾಗಿಲು ತಟ್ಟುವ ಪರದೇಶದ ಹುಡುಗಿಯರು.

ಅವರಲ್ಲೆಲ್ಲ ನನ್ನ ತಲೆ ಹೆಚ್ಚು ತಿಂದವನು ನೂನೊ. ಪೋರ್ಚುಗಲ್ ಕಡೆಯವನು, ಇಪ್ಪತ್ತಾರು ವರ್ಷ, ಕೊಕ್ಕರೆಯಂಥ ಕಾಲು. ಮೇ ತಿಂಗಳ ಮೊದಲ ವಾರದಲ್ಲಿ ಬಂದು ನಾಲ್ಕು ದಿನ ಇದ್ದ. ಜೇಬಿನಲ್ಲೊಂದು ಸಣ್ಣ ಪುಸ್ತಕ. ಪೊಲೀಸರು ತಡೆದಾಗಲೆಲ್ಲ ಅದರಲ್ಲೊಂದು ಗೀಟು ಎಳೆಯುತ್ತಿದ್ದ. ಸಂಜೆ ಹಿಪ್ಪುನೇರಳೆ ಮರದ ಕೆಳಗೆ ಕೂತು ನನಗೆ ಓದಿ ಹೇಳುತ್ತಿದ್ದ.

“ಇವತ್ತು ಆರು ಸಲ, ಸಾರ್. ಮೆಟ್ರೋ ಬಾಗಿಲಲ್ಲಿ ಒಂದು, ಮೆಟ್ಟಿಲು ಇಳಿದ ಮೇಲೆ ಒಂದು, ರೈಲಿಗೆ ಕಾಯ್ತಾ ನಿಂತಾಗ ಒಂದು. ಮೂರು ಸಲ ಚೀಲ ಬಿಚ್ಚಿದೆ. ನನ್ನ ಒಳಚಡ್ಡಿ ಯಾವ ಬಣ್ಣ ಅಂತ ಈಗ ನಿಮ್ಮ ಸರ್ಕಾರಕ್ಕೆ ಚೆನ್ನಾಗಿ ಗೊತ್ತು.”

“ನಿನ್ನ ಚೀಲ ದೊಡ್ಡದಾಯ್ತು. ಚಿಕ್ಕದು ತಗೊಂಡು ಹೋಗು.”

“ಕಾರಂಜಿ ಫೋಟೋ ತೆಗೆದೆ. ಅಳಿಸು ಅಂದರು. ಕಾರಂಜಿ, ಸಾರ್. ಬರೀ ನೀರು. ದಾರಿ ತಪ್ಪಿತು ಅಂತ ಒಬ್ಬ ಪೊಲೀಸನ್ನ ಕೇಳಿದೆ. ದಾರಿ ಹೇಳೋ ಬದಲು ಪಾಸ್‌ಪೋರ್ಟ್ ತೆಗಿ ಅಂದ. ಈ ಊರಿನ ಜನ ಇದನ್ನ ಹೇಗೆ ಸಹಿಸ್ಕೋತೀರಿ?”

ಈ ಪ್ರಶ್ನೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಸಹಿಸಿಕೊಳ್ಳದೆ ಏನು ಮಾಡುತ್ತಾರೆ? ಅವನು ನಾಲ್ಕು ದಿನ ಗೀಟು ಎಳೆದು ಹೋಗುತ್ತಾನೆ. ನಾವು ಎಳೆಯಲು ಕೂತರೆ ಊರಿನಲ್ಲಿ ಕಾಗದವೇ ಉಳಿಯುವುದಿಲ್ಲ. ಪೊಲೀಸರ ಮೇಲೆ ಬರುವ ಸಿಟ್ಟು, ಅದನ್ನು ಹೊಸದಾಗಿ ಕಂಡುಹಿಡಿದವನಂತೆ ನನಗೇ ಬಂದು ಹೇಳುವ ಈ ಹುಡುಗನ ಮೇಲೆ ತಿರುಗುತ್ತಿತ್ತು.

ಎಂಟನೇ ತಾರೀಕು ಸಂಜೆ ಅವನು ಸಮರ್ಕಂದ್, ಬುಖಾರಾ ನೋಡಿಬರಲು ಹೊರಟ. ಹೊರಡುವಾಗ ಓಪಾ ಎಲ್ಲರಿಗೂ ಮಾಡುವಂತೆ ಅವನ ಬಾಯಿಗೂ ರೊಟ್ಟಿ ಹಿಡಿದಳು.

ನಮ್ಮಲ್ಲಿ ದೂರ ಹೊರಟವನು ದುಂಡು ರೊಟ್ಟಿಯ ಅಂಚನ್ನು ಒಂದು ಸಲ ಕಚ್ಚಿ ಹೋಗಬೇಕು. ಉಳಿದದ್ದನ್ನು ಗೋಡೆಗೆ ನೇತು ಹಾಕುತ್ತಾರೆ. ಅನ್ನದ ಋಣ ಅವನನ್ನು ಎಳೆದು ತರುತ್ತದೆ ಎಂದು ನಂಬಿಕೆ. ತಿಂಗಳಾಗಲಿ ವರ್ಷವಾಗಲಿ, ಬಂದವನು ಮೊದಲು ಅದನ್ನೇ ತಿಂದು ಮುಗಿಸಬೇಕು. ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ನನ್ನಣ್ಣ ಸೈನ್ಯಕ್ಕೆ ಹೋದಾಗ ಅವನ ರೊಟ್ಟಿಗೆ ಇಲಿ ಬಾಯಿ ಹಾಕಿತೆಂದು ನನ್ನ ತಾಯಿ ಮೂರು ದಿನ ಊಟ ಬಿಟ್ಟಿದ್ದಳು.

ಇದು ಮನೆಯ ಮಕ್ಕಳಿಗೆ ಮಾಡುವ ಪದ್ಧತಿ. ಓಪಾ ಹಾದಿಹೋಕರಿಗೆಲ್ಲ ಮಾಡುತ್ತಿದ್ದಳು. ಅಡುಗೆಮನೆಯ ಪಡಸಾಲೆಯ ಗೋಡೆ ತುಂಬ ಕಚ್ಚಿದ ರೊಟ್ಟಿಗಳು, ನಲವತ್ತಕ್ಕೂ ಹೆಚ್ಚು. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಒಂದು ಚೀಟಿ. ಅದರಲ್ಲಿ ಹೆಸರು, ದೇಶ, ಹೊರಟ ತಾರೀಕು, ವರ್ಷ. ಬರೆಯುವವನು ಮತ್ತೆ ನಾನೇ.

“ಓಪಾ, ಆ ಜರ್ಮನಿ ಮುದುಕಿ ಮತ್ತೆ ಇಲ್ಲಿಗೆ ಬರ್ತಾಳಾ? ಬಿಟ್ಟಿ ರೊಟ್ಟಿ, ಬಿಟ್ಟಿ ಗೋಡೆ, ಬಿಟ್ಟಿ ಮೇಷ್ಟ್ರು,” ಎಂದು ಎಷ್ಟು ಸಲ ಗೊಣಗಿದ್ದೇನೋ.

“ಬರದಿದ್ರೆ ಬೇಡ. ನೀವು ಬರೀರಿ.”

ನೂನೊ ಮಾತ್ರ ನಿಜವಾಗಿಯೂ ತಿರುಗಿ ಬಂದ. ಜೂನ್ ಎರಡನೇ ತಾರೀಕು, ಬೆಳಿಗ್ಗೆ ಎಂಟು ಗಂಟೆ. ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ಅವತ್ತು ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಪರವಾನಗಿಯ ಐದು ವರ್ಷದ ಅವಧಿ ಮುಗಿಯುತ್ತಿತ್ತು. ನಮ್ಮ ಓಣಿಯ ಪೊಲೀಸ್ ಕ್ಯಾಪ್ಟನ್ ಮನೆ ತಪಾಸಣೆಗೆ ಬರುವವನಿದ್ದ. ಅವನು ಸಹಿ ಹಾಕದಿದ್ದರೆ ಮರುದಿನವೇ ಬಾಗಿಲು ಮುಚ್ಚಬೇಕು. ಓಪಾಳಿಗೆ ಬೇರೆ ಅನ್ನವಿಲ್ಲ. ಅಷ್ಟರ ನಡುವೆಯೂ ಆಕೆ ನೂನೊನ ರೊಟ್ಟಿಯನ್ನು ಮೊಳೆಯಿಂದ ಇಳಿಸಿ, ಬಟ್ಟಲಲ್ಲಿ ಮುರಿದು ಹಾಕಿ, ಬಿಸಿ ಚಹಾ ಸುರಿದು ಅವನ ಮುಂದಿಟ್ಟಳು.

“ಇದು ಕಲ್ಲು, ಸಾರ್,” ಎಂದ. “ನನ್ನ ಹಿಂದಿನ ಹಲ್ಲು ಮೊದಲೇ ಸರಿಯಿಲ್ಲ.”

“ಬಾಯಿ ಮುಚ್ಚಿಕೊಂಡು ತಿನ್ನು.”

ಬಾಯಿ ಮುಚ್ಚಿ ತಿನ್ನುವುದು ಹೇಗೆಂದು ಕೇಳಿದ. ಆದರೂ ಪೂರ್ತಿ ತಿಂದ. ಓಪಾ ಆ ರೊಟ್ಟಿಯ ಚೀಟಿಯನ್ನು ಒಲೆಗೆ ಹಾಕಿ ಕೋಣೆ ಒರೆಸಲು ಓಡಿದಳು.

ಹನ್ನೊಂದಕ್ಕೆ ಕ್ಯಾಪ್ಟನ್ ಖೈರುಲ್ಲಾ ಬಂದ. ನನ್ನ ಹಳೇ ಶಿಷ್ಯ. ಭೂಪಟದಲ್ಲಿ ಕ್ಯಾಸ್ಪಿಯನ್ ಸಮುದ್ರ ತೋರಿಸು ಎಂದರೆ ಆಫ್ರಿಕಾದ ಮೇಲೆ ಕೋಲಿಡುತ್ತಿದ್ದವನು. ಈಗ ಇಡೀ ಊರಿನ ಯಾವ ಮನೆಯಲ್ಲಿ ಯಾರು ಮಲಗಿದ್ದಾರೆಂದು ಅವನಿಗೆ ಗೊತ್ತಿರಬೇಕು. ನಮ್ಮ ಠಾಣೆಗೆ ಬಂದು ಎರಡು ವರ್ಷವಾಗಿತ್ತು, ಈ ಮನೆಗೆ ಬಂದಾಗಲೆಲ್ಲ ಬಾಗಿಲಲ್ಲೇ ಸಹಿ ಹಾಕಿ ಹೋಗುತ್ತಿದ್ದ. ಕೆಟ್ಟವನಲ್ಲ. ಆದರೆ ಕೆಟ್ಟವನಲ್ಲದ ಪೊಲೀಸನ ಕೈಯಲ್ಲೂ ಅದೇ ಸೀಲು ಇರುತ್ತದೆ.

ಬೆಂಕಿ ಆರಿಸುವ ಮರಳಿನ ಬಕೆಟ್ ನೋಡಿದ. ಕಿಟಕಿಗಳ ಸರಳು ನೋಡಿದ. ಟವೆಲ್ ಎಣಿಸಿದ. ಅತಿಥಿಗಳ ದಾಖಲೆ ಪುಸ್ತಕವನ್ನು ಮೊದಲ ಪುಟದಿಂದ ತಿರುವಿ, ಎಲ್ಲ ಸರಿಯಿದೆ ಎಂದ. ಆಮೇಲೆ ಪಡಸಾಲೆಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ಪರವಾನಗಿಯ ಕಾಗದ ಬಿಡಿಸಿದ. ಪೆನ್ನಿನ ಮುಚ್ಚಳ ತೆಗೆದ. ನೂನೊ ಒಂದು ಮೂಲೆಯಲ್ಲಿ ಬೂಟಿನ ಮಣ್ಣು ಕೆರೆಯುತ್ತಿದ್ದ. ಓಪಾ ಹಸಿರು ಚಹಾ ತಂದಳು. ಇನ್ನು ಒಂದು ನಿಮಿಷ ಅವನ ಕಣ್ಣು ಕಾಗದದ ಮೇಲೆ ಇದ್ದಿದ್ದರೆ ನಾನು ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ.

ಅವನು ಗೋಡೆ ನೋಡಿದ.

“ಏನ್ ಓಪಾ, ನಮ್ಮಮ್ಮನ ಮನೇಲಿ ನನ್ನದೊಂದೇ ಇತ್ತು. ನೀವು ಇಡೀ ಪ್ರಪಂಚದ್ದು ನೇತು ಹಾಕಿದ್ದೀರಲ್ಲ.” ಎದ್ದು ಹೋಗಿ ಚೀಟಿಗಳನ್ನು ಓದತೊಡಗಿದ. “ದೊಮ್ಲಾ, ನೋಡಿ, ನೀವು ಕಲಿಸಿದ ಅಕ್ಷರ ಮರೆತಿಲ್ಲ. ಹೆಲ್ಗಾ, ಜರ್ಮನಿ. ಪಾರ್ಕ್, ಕೊರಿಯಾ. ಇವರೆಲ್ಲ ನಿಮ್ಮ ಪುಸ್ತಕದಲ್ಲಿ ಇದ್ದಾರಾ?”

“ಇದ್ದಾರೆ ಮಗಾ, ಎಲ್ಲರೂ ಇದ್ದಾರೆ.”

ಅವನು ಆಟಕ್ಕೆ ಪುಸ್ತಕ ಎತ್ತಿಕೊಂಡ. ಒಂದು ಚೀಟಿ ಓದುವುದು, ಪುಸ್ತಕದಲ್ಲಿ ಆ ಹೆಸರು ಹುಡುಕುವುದು, ಸಿಕ್ಕರೆ “ಇದ್ದಾನೆ” ಎನ್ನುವುದು. ಹತ್ತು, ಹದಿನೈದು ಚೀಟಿ ಆಯಿತು. ನನಗೆ ಆಕಳಿಕೆ ಬಂತು. ಒಲೆಯ ಪಕ್ಕದ ಕೊನೆಯ ಮೊಳೆಯ ಹತ್ತಿರ ನಿಂತ.

“ಇದಕ್ಕೆ ಹೆಸರೇ ಇಲ್ವಲ್ಲ. ‘ಮೇ ಒಂಬತ್ತು’ ಅಂತ ಅಷ್ಟೇ ಇದೆ. ವರ್ಷಾನೂ ಇಲ್ಲ.” ಪುಸ್ತಕ ತಿರುವಿದ. “ಈ ಮೇ ಒಂಬತ್ತಕ್ಕೆ ಇಲ್ಲಿಂದ ಯಾರೂ ಹೊರಟಿಲ್ಲ.”

ಓಪಾ ಅವನ ಬಟ್ಟಲಿಗೆ ಚಹಾ ಸುರಿಯುತ್ತಿದ್ದಳು. ನಮ್ಮಲ್ಲಿ ಮರ್ಯಾದಸ್ಥರಿಗೆ ಅರ್ಧ ಬಟ್ಟಲಷ್ಟೇ ಹಾಕುತ್ತಾರೆ. ಅಂಚಿನ ತನಕ ತುಂಬಿದರೆ ‘ಕುಡಿದು ಎದ್ದು ಹೋಗು’ ಎಂದು ಅರ್ಥ. ಆಕೆಯ ಕೈ ನಿಲ್ಲಲೇ ಇಲ್ಲ. ಬಟ್ಟಲು ತುಂಬಿ ಕಟ್ಟೆಯ ಹಾಸಿಗೆಯ ಮೇಲೆ ಹರಿಯಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಆಕೆಯ ಮುಖ ನೋಡಿದೆ, ಚೀಟಿ ನೋಡಿದೆ. ಕೋಳಿ ಕೆದರಿದ ಅಕ್ಷರ, ಆಕೆಯದೇ. ಮೇ ಒಂಬತ್ತು ಮಹಾಯುದ್ಧ ಗೆದ್ದ ನೆನಪಿನ ಹಬ್ಬ, ಊರಿನ ಪೊಲೀಸರೆಲ್ಲ ಚೌಕದಲ್ಲಿರುವ ದಿನ. ಓಣಿ ಖಾಲಿ ಇರುವ ದಿನ. ಹೊಸ್ತಿಲು ತುಳಿದಿಲ್ಲ ಎಂದು ನಾನೇ ನನ್ನ ಕೈಯಾರೆ ಬರೆದಿದ್ದೆ! ಇಲ್ಯೋಸ್ ಬಂದಿದ್ದ. ಆರು ದಿನದ ಮೇಲೆ ತಾಯಿಗೆ ಮುಖ ತೋರಿಸಿ, ರೊಟ್ಟಿ ಕಚ್ಚಿ ಹೋಗಿದ್ದ. ಗುಟ್ಟು ಹೇಳಿದರೆ ಮೂರು ಮನೆಗೆ ಕೇಳಿಸುವ ಹೆಂಗಸು ಆರು ವರ್ಷ ಪಕ್ಕದ ಮನೆಯ ನನಗೆ ಉಸಿರೂ ಬಿಟ್ಟಿರಲಿಲ್ಲ. ಹೆಲ್ಗಾ, ಪಾರ್ಕ್ ಎಲ್ಲರ ರೊಟ್ಟಿ ಯಾಕೆ ನೇತುಹಾಕಿದ್ದಳೆಂದು ಆಗ ನನಗೆ ಹೊಳೆಯಿತು. ಗೋಡೆಯ ಮೇಲೆ ಒಂದೇ ರೊಟ್ಟಿ ಇದ್ದರೆ ಯಾರದೆಂದು ಕೇಳುತ್ತಾರೆ. ನಲವತ್ತಿದ್ದರೆ ಯಾರು ಕೇಳುತ್ತಾರೆ?

ಖೈರುಲ್ಲಾ ಕೇಳುತ್ತಿದ್ದ. ಅವನ ಆಟ ಮುಗಿದಿತ್ತು, ದನಿ ಠಾಣೆಯದಾಗಿತ್ತು. “ಓಪಾ, ಪುಸ್ತಕದಲ್ಲಿ ಬರೀದೆ ಒಬ್ಬನನ್ನ ಇಟ್ಕೊಂಡಿದ್ರಾ? ನಿಜ ಹೇಳಿ. ಇದಕ್ಕೆ ನಾನು ಸಹಿ ಹಾಕೋಕಾಗಲ್ಲ. ಈ ಚೀಟಿ, ಈ ರೊಟ್ಟಿ ಎರಡೂ ಠಾಣೆಗೆ ತಗೊಂಡು ಹೋಗಿ ಮೇಲಿನವರಿಗೆ ತೋರಿಸಬೇಕಾಗುತ್ತೆ.”

ಠಾಣೆಯಲ್ಲಿ ಹಳಬರಿದ್ದಾರೆ. ‘ಮೇ ಒಂಬತ್ತು, ಸನೋಬರ್’ ಎಂದರೆ ಯಾವ ಕಡತ ತೆಗೆಯಬೇಕೆಂದು ಅವರಿಗೆ ಗೊತ್ತು. ಪರವಾನಗಿ ಹೋಗುವುದಿರಲಿ, ಸುಳ್ಳು ಹೇಳಿಕೆಗೆ ಆಕೆಯೇ ಒಳಗೆ ಹೋಗುತ್ತಿದ್ದಳು. ಓಪಾ ಬಾಯಿ ತೆರೆದಳು. ಏನು ಹೇಳುತ್ತಿದ್ದಳೋ, ನಾನು ಮೊದಲು ಹೇಳಿಬಿಟ್ಟೆ.

“ಕಣ್ಣಿದ್ದೂ ಕಾಣಲ್ವೇನೋ ನಿನಗೆ? ಅದು ಈ ಹುಡುಗಂದು.” ನೂನೊನ ಕಡೆ ಕೈ ತೋರಿಸಿದೆ. “ಪುಸ್ತಕದಲ್ಲಿ ಎಂಟು ಅಂತ ಇದೆ ನೋಡು. ಮೂರು ಸಹಿಯ ಚೀಟಿ ಕೊಟ್ಟಿದ್ದು ಎಂಟರ ಸಂಜೆ. ಮಹಾರಾಯ ಹೊರಟಿದ್ದು ಒಂಬತ್ತರ ಬೆಳಗಿನ ಜಾವ. ನಾನು ಎದ್ದಿರಲಿಲ್ಲ, ಓಪಾನೇ ಬರೆದ್ರು. ಆಕೆಗೆ ಪರದೇಶದ ಹೆಸರು ಬರೆಯೋಕೆ ಬರುತ್ತಾ?”

ಖೈರುಲ್ಲಾ ಪುಸ್ತಕ ನೋಡಿದ. ಎಂಟನೇ ತಾರೀಕು ನೂನೊನ ಹೆಸರಿತ್ತು. ಗೋಡೆಯ ಮೇಲೆಲ್ಲ ಕಣ್ಣಾಡಿಸಿದ. ನೂನೊನ ಹೆಸರಿನ ಚೀಟಿ ಎಲ್ಲೂ ಇರಲಿಲ್ಲ. ಅವನ ಹೆಗಲು ಸಡಿಲವಾಯಿತು, ನಕ್ಕ. ನಾನೂ ಉಸಿರು ಬಿಟ್ಟೆ.

“ಹಂಗಾದ್ರೆ ಇವನು ವಾಪಸ್ ಬಂದಿದ್ದಾನಲ್ಲ. ಇನ್ನೂ ಯಾಕೆ ಗೋಡೆ ಮೇಲಿದೆ?”

“ಬೆಳಿಗ್ಗೆ ತಾನೇ ಬಂದ. ಹಲ್ಲುನೋವಂತೆ. ಆಮೇಲೆ ತಿಂತೀನಿ ಅಂದ.”

“ಆಮೇಲೆ ಅಂದ್ರೆ? ಬಂದವನು ಮೊದಲು ಅದನ್ನೇ ತಿನ್ನಬೇಕು, ಪರದೇಶದವನಾದ್ರೇನು.” ಕಟ್ಟೆಯ ಮೇಲೆ ಮತ್ತೆ ಕೂತ. “ತಿನ್ನಲಿ. ನಾನೂ ನೋಡೇ ಹೋಗ್ತೀನಿ.”

ಅವನು ದಡ್ಡನೆಂದು ಇಷ್ಟು ವರ್ಷ ನಾನು ನಂಬಿದ್ದೆ. ಅವನು ದಡ್ಡನಾಗಿರಲಿಲ್ಲ. ಒಬ್ಬರ ರೊಟ್ಟಿಯನ್ನು ಇನ್ನೊಬ್ಬರಿಗೆ ತಿನ್ನಿಸುವ ಮನೆ ನಮ್ಮ ಊರಲ್ಲಿಲ್ಲ. ಸುಳ್ಳಾದರೆ ಓಪಾ ಆ ರೊಟ್ಟಿಯನ್ನು ಮೊಳೆಯಿಂದ ಇಳಿಸುವುದೇ ಇಲ್ಲ. ಬೇರೆ ಯಾವ ಸಾಕ್ಷಿಯೂ ಅವನಿಗೆ ಬೇಕಿರಲಿಲ್ಲ.

ಓಪಾ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಆಕೆ ಎದ್ದಳು. ರೊಟ್ಟಿಯನ್ನು ಎರಡೂ ಕೈಯಲ್ಲಿ ಇಳಿಸಿ ಕಣ್ಣಿಗೊತ್ತಿಕೊಂಡಳು. ಅಷ್ಟನ್ನು ಯಾರ ರೊಟ್ಟಿಗಾದರೂ ಮಾಡುತ್ತಾಳೆ, ಖೈರುಲ್ಲಾನಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ರೊಟ್ಟಿ ಮುರಿಯಲಿಲ್ಲ. ಕುಟ್ಟಾಣಿಯಲ್ಲಿ ಹಾಕಿ ಕುಟ್ಟಬೇಕಾಯಿತು. ಕುಟ್ಟಿದ್ದನ್ನು ಬಟ್ಟಲಿಗೆ ಸುರಿದು, ಬಿಸಿ ಚಹಾ ಹಾಕಿ, ನೂನೊನ ಮುಂದಿಟ್ಟಳು.

ನೂನೊ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ. “ಸಾರ್, ಬೆಳಿಗ್ಗೆ ಒಂದು ತಿಂದೆನಲ್ಲ?”

“ಇದನ್ನೂ ತಿನ್ನು.”

“ಯಾಕೆ? ಇದು ಮೊದಲಿನದಕ್ಕಿಂತ ಹಳೇದು. ವಾಸನೆ ಬರ್ತಿದೆ. ಇದು ಯಾರದು?”

“ಏನಂತೆ?” ಎಂದ ಖೈರುಲ್ಲಾ. ನಾನು ಕಲಿಸಿದ ಇಂಗ್ಲಿಷ್ ಅವನಿಗೆ ಅಕ್ಷರದಾಚೆ ಹತ್ತಿರಲಿಲ್ಲ.

“ಹಲ್ಲುನೋವಂತೆ,” ಎಂದೆ. ನೂನೊನಿಗೆ ಹೇಳಿದೆ: “ಮಗಾ, ಪ್ರಶ್ನೆ ಕೇಳಬೇಡ. ಮುಖ ಸಿಂಡರಿಸಬೇಡ. ಪೂರ್ತಿ ತಿನ್ನು. ನಿನ್ನ ಕಾಲಿಗೆ ಬೀಳ್ತೀನಿ.”

ನನ್ನ ದನಿಯಲ್ಲಿ ಏನು ಕೇಳಿಸಿತೋ, ಹುಡುಗ ಚಮಚ ಎತ್ತಿಕೊಂಡ. ತಿನ್ನಲು ಕಾಲು ಗಂಟೆ ಹಿಡಿಯಿತು. ಓಪಾ ಎದುರಿಗೆ ಕೂತು ಪ್ರತಿ ತುತ್ತನ್ನೂ ನೋಡಿದಳು. ಬಟ್ಟಲ ತಳದಲ್ಲಿ ಸ್ವಲ್ಪ ಉಳಿಯಿತು. ಅದನ್ನು ಅವನು ಬಿಡುತ್ತಾನೇನೋ, ಆಕೆ ಎತ್ತಿಟ್ಟುಕೊಳ್ಳುತ್ತಾಳೇನೋ ಎಂದು ನಾನು ಆಸೆಪಟ್ಟೆ. “ಋಣ ಉಳಿಸಬಾರದು, ಅದನ್ನೂ ಕುಡಿ,” ಎಂದು ಖೈರುಲ್ಲಾ ಕೈಸನ್ನೆ ಮಾಡಿದ. ನೂನೊ ಬಟ್ಟಲೆತ್ತಿ ಕುಡಿದು ಮುಗಿಸಿದ.

ಕ್ಯಾಪ್ಟನ್ ಸಹಿ ಹಾಕಿದ, ಸೀಲು ಒತ್ತಿದ. ಇನ್ನು ಐದು ವರ್ಷ ಯೋಚನೆಯಿಲ್ಲ ಎಂದ. ಬಾಗಿಲ ತನಕ ಹೋಗಿ ತಿರುಗಿ, “ಓಪಾ, ಇನ್ಮೇಲೆ ಹೆಸರು ಬರೀರಿ. ನಾನಾಗಿದ್ದಕ್ಕೆ ಸರಿಹೋಯ್ತು,” ಎಂದ.

ನೂನೊ ಹೊರಗೆ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಬಂದು ಪುಸ್ತಕ ತೆಗೆದ. “ಒಂದು ವಿಷಯ ಗಮನಿಸಿದ್ರಾ ಸಾರ್? ಪೊಲೀಸ್ ಬಂದು ಒಂದು ಗಂಟೆ ಕೂತಿದ್ದ, ನನ್ನ ಪಾಸ್‌ಪೋರ್ಟ್ ಕೇಳಲೇ ಇಲ್ಲ. ಇವತ್ತು ಗೀಟಿಲ್ಲ.”

ಆ ಪುಸ್ತಕ ಕಿತ್ತು ಒಲೆಗೆ ಹಾಕಬೇಕೆನ್ನಿಸಿತು. ಅವನನ್ನು ಕೋಣೆಗೆ ಕಳಿಸಿ ನಾನು ಓಪಾಳ ಮೇಲೆ ಹರಿಹಾಯ್ದೆ. ತಪ್ಪು ನನ್ನ ಮೇಲೂ ಇದ್ದದ್ದರಿಂದ ದನಿ ಜೋರಾಗಿಯೇ ಇತ್ತು.

“ಆರು ವರ್ಷ, ಓಪಾ. ನನ್ನ ಕೈಯಲ್ಲಿ ಸುಳ್ಳು ಬರೆಸಿದ್ರಿ. ಹೋಗಲಿ, ತಾಯಿ, ಬರೆಸಿದ್ರಿ. ಆ ಚೀಟಿ ಮೇಲೆ ಏನಾದ್ರೂ ಒಂದು ಹೆಸರು ಗೀಚೋಕೆ ಏನಾಗಿತ್ತು? ಜಾನ್ ಅಂತ ಬರೀರಿ, ಪೀಟರ್ ಅಂತ ಬರೀರಿ. ಹಳೇ ವರ್ಷ ಹಾಕಿ, ಪುಸ್ತಕದಲ್ಲಿರೋ ಯಾವನದೋ ಹೆಸರು ಹಾಕಿದ್ರೆ ಇವತ್ತು ಇದು ಬರ್ತಿತ್ತಾ? ನನಗೆ ಹೇಳಿದ್ರೆ ನಾನೇ ಬರೆದುಕೊಡ್ತಿರಲಿಲ್ವಾ?”

ಆಕೆ ಕಟ್ಟೆಯ ಮೇಲೆ ಚೆಲ್ಲಿದ್ದ ಚಹಾ ಒರೆಸುತ್ತಿದ್ದಳು.

“ಅದಕ್ಕೇ ಹೇಳಲಿಲ್ಲ,” ಎಂದಳು. “ಎಷ್ಟೋ ಸಲ ಪೆನ್ನು ಹಿಡಿದಿದ್ದೆ. ರೊಟ್ಟಿ ಮೇಲೆ ಬೇರೆ ಹೆಸರು ಬರೆದ್ರೆ ಬೇರೆಯವನು ಬರ್ತಾನೆ ಅಂತ ಭಯ ಆಯ್ತು, ದೊಮ್ಲಾ. ಅವನ ಹೆಸರು ಬರೆಯೋ ಹಾಗಿರಲಿಲ್ಲ. ಬೇರೆಯವರದು ಬರೆಯೋಕೆ ಮನಸ್ಸು ಬರಲಿಲ್ಲ. ತಾರೀಕು ಬರೆದೆ.”

ಒರೆಸಿದ ಬಟ್ಟೆ ಹಿಂಡಿದಳು. “ಆದ್ರೂ ಬೇರೆಯವನೇ ಬಂದ.”

ಅಳುತ್ತಾಳೆಂದು ನಾನು ಕಾದೆ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಆಕೆ ಮಧ್ಯಾಹ್ನದ ಅಡುಗೆಗೆ ಗಜ್ಜರಿ ಹೆಚ್ಚಲು ಕೂತಳು.

ಸಂಜೆ ಮರದ ಕೆಳಗೆ ನೂನೊ ಹಿಡಿದ ಪಟ್ಟು ಬಿಡಲಿಲ್ಲ. ಓಪಾ ತನ್ನ ಮುಖ ಯಾಕೆ ನೋಡುತ್ತಿಲ್ಲ, ತಾನೇನು ತಪ್ಪು ಮಾಡಿದ್ದೇನೆ ಎಂದು ಕೇಳುತ್ತಲೇ ಇದ್ದ. ಕೊನೆಗೆ ಹೇಳಿಬಿಟ್ಟೆ, ಮಗನ ವಿಷಯ, ಹೇಳಿಕೆಯ ವಿಷಯ, ಎಲ್ಲ. ಅವನ ಸುಲಿದ ಮೂಗು ಇನ್ನಷ್ಟು ಕೆಂಪಾಯಿತು.

“ಮೊದಲೇ ಹೇಳಿದ್ರೆ ನಾನು ತಿಂತಿರಲಿಲ್ಲ.”

“ಅದಕ್ಕೇ ಹೇಳಲಿಲ್ಲ,” ಎಂದೆ. ಬೆಳಿಗ್ಗೆ ಓಪಾ ಹೇಳಿದ್ದೂ ಇದೇ ಮಾತಾಗಿತ್ತು.

ಮರುದಿನ ಹತ್ತು ಗಂಟೆಗೆ ಅವನು ಊರಿಗೆ ಹೊರಟ. ವಿಮಾನ ಮಧ್ಯಾಹ್ನಕ್ಕಿತ್ತು. ಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಾಗ ಓಪಾ ಹೊಸ ರೊಟ್ಟಿ ಹಿಡಿದು ಬಂದಳು. ಒಲೆಯಿಂದ ಆಗಷ್ಟೇ ತೆಗೆದದ್ದು, ಮೇಲೆ ಎಳ್ಳು ಹೊಳೆಯುತ್ತಿತ್ತು. ನೂನೊ ಹಿಂದೆ ಸರಿದ. ತಲೆಯಾಡಿಸಿದ. ತನಗೆ ಇದನ್ನು ಕಚ್ಚುವ ಯೋಗ್ಯತೆ ಇಲ್ಲವೆಂದು ಆಕೆಗೆ ಹೇಳಿ ಎಂದ. ನಾನು ಹೇಳಿದೆ.

“ಯೋಗ್ಯತೆ ಯಾರು ಕೇಳಿದ್ರು? ಕಚ್ಚು ಅನ್ನಿ,” ಎಂದಳು ಓಪಾ. “ಅವನಿಗೂ ಒಬ್ಬಳು ತಾಯಿ ಇರ್ತಾಳೆ. ತಪ್ಪು ಅವನದಲ್ಲ ಅಂತಾನೂ ಹೇಳಿ.”

ಅದನ್ನೂ ಹೇಳಿದೆ. ನೂನೊ ಬಗ್ಗಿ ಕಚ್ಚಿದ. ಆಕೆಯ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡ. ಅವನು ಓಣಿಯ ತಿರುವಿಗೆ ಹೋಗುವಷ್ಟರಲ್ಲಿ ಅಲ್ಲಿ ನಿಂತಿದ್ದ ಪೊಲೀಸಿನವನು ತಡೆದು ಪಾಸ್‌ಪೋರ್ಟ್ ಕೇಳುವುದು ಕಾಣಿಸಿತು. ಹುಡುಗ ಮೂಟೆ ಇಳಿಸಿದ. ಪುಸ್ತಕ ಮಾತ್ರ ತೆಗೆಯಲಿಲ್ಲ.

ಒಳಗೆ ಬಂದು ನಾನು ಕಾಗದದ ತುಂಡಿನ ಮೇಲೆ ಬರೆದೆ: ನೂನೊ, ಪೋರ್ಚುಗಲ್, ಜೂನ್ ಮೂರು, ವರ್ಷ. ದಾರ ಕಟ್ಟಿದೆ. ನೂನೊನ ಹಳೇ ಮೊಳೆಯಲ್ಲಿ ಅವತ್ತು ಬೆಳಗಿನ ಜಾವ ಹೊರಟ ಇನ್ನೊಬ್ಬಳ ರೊಟ್ಟಿ ನೇತಾಡುತ್ತಿತ್ತು, ಒಲೆಯ ಪಕ್ಕದ ಮೊಳೆ ಮಾತ್ರ ಖಾಲಿ ಇತ್ತು. ಕೈ ತಾನಾಗಿಯೇ ಅತ್ತ ಹೋಯಿತು.

“ಅದಕ್ಕೆ ಬೇಡ,” ಎಂದಳು ಓಪಾ.

“ಬೇರೆ ಮೊಳೆ ಖಾಲಿ ಇಲ್ವಲ್ಲ ಓಪಾ.”

ಆಕೆ ಒಳಗೆ ಹೋಗಿ ಸುತ್ತಿಗೆಯನ್ನೂ ಒಂದು ಮೊಳೆಯನ್ನೂ ತಂದು ನನ್ನ ಕೈಗೆ ಕೊಟ್ಟಳು.

“ಬೇರೆ ಹೊಡೀರಿ,” ಎಂದಳು. “ನನ್ನ ಮಗ ಬಂದ್ರೆ ಮತ್ತೆ ಎಲ್ಲಿಗಾದ್ರೂ ಹೋಗ್ತಾನಲ್ಲ, ಆಗ ಅದು ಬೇಕಾಗುತ್ತೆ.”

ನಾನು ಸ್ಟೂಲು ಎಳೆದುಕೊಂಡು ಹತ್ತಿ ಮೊಳೆ ಹೊಡೆಯತೊಡಗಿದೆ.